ಜಾನ್ ಪೋಸ್ಟೆಲ್

ಜೊನಾಥನ್ ಬ್ರೂಸ್ ಪೋಸ್ಟೆಲ್ (ಆಗಸ್ಟ್ 6, 1943 – ಅಕ್ಟೋಬರ್ 16, 1998) ಅಮೇರಿಕದ ಗಣಕ ವಿಜ್ಞಾನಿ. ಅಂತರಜಾಲದ ಮೂಲ ನಿಯಮಗಳನ್ನು ರೂಪಿಸಿದವರಲ್ಲಿ ಇವರು ಪ್ರಮುಖರು. ಅಂತರಜಾಲದ ತಾಂತ್ರಿಕ ದಾಖಲೆಗಳಾದ ಆರ್‌ಎಫ್‌ಸಿಗಳ ಸಂಪಾದಕರಾಗಿ ಸುಮಾರು ಮೂರು ದಶಕಗಳ ಕಾಲ ದುಡಿದರು. ಜಾಲದಲ್ಲಿ ಬಳಕೆಯಾಗುವ ಸಂಖ್ಯೆಗಳನ್ನೂ ವಿಳಾಸಗಳನ್ನೂ ಹಂಚುವ ಐಎಎನ್‌ಎ (ಅಂತರಜಾಲ ಸಂಖ್ಯಾ ಹಂಚಿಕೆ ಪ್ರಾಧಿಕಾರ) ಎಂಬ ವ್ಯವಸ್ಥೆಯನ್ನು ಕೊನೆಯವರೆಗೂ ನಡೆಸಿದರು. 1983ರ ಜನವರಿ 1ರಂದು ಆರ್ಪಾನೆಟ್ ಜಾಲವು ತನ್ನ ಹಳೆಯ ಪ್ರೊಟೊಕಾಲ್ ಆದ ಎನ್‌ಸಿಪಿಯನ್ನು ತೊರೆದು ಟಿಸಿಪಿ/ಐಪಿಗೆ ಬದಲಾಯಿತು. ಈ ಬದಲಾವಣೆಯ ಯೋಜನೆಯನ್ನು ಬರೆದವರು ಪೋಸ್ಟೆಲ್. ಹಳೆಯ ಮತ್ತು ಹೊಸ ಪ್ರೊಟೊಕಾಲ್‌ಗಳು ಒಂದೇ ಜಾಲದಲ್ಲಿ ಜೊತೆಯಾಗಿ ನಡೆಯುತ್ತಿರುವಾಗ ಬಳಕೆದಾರನು ದೂರದ ಗಣಕಯಂತ್ರಕ್ಕೆ ಲಾಗಿನ್ ಆಗುವುದು ಹೇಗೆ ಎಂಬ ಪ್ರಶ್ನೆಗೆ ಮೊದಲ ಬಾರಿಗೆ ಜಾಲದಾದ್ಯಂತ ಉತ್ತರ ಹುಡುಕಿದ್ದು ಆ ಸಂದರ್ಭದಲ್ಲಿ.

ಆರಂಭಿಕ ಜೀವನ ಮತ್ತು ಶಿಕ್ಷಣ

ಪೋಸ್ಟೆಲ್ ಅವರು ಕ್ಯಾಲಿಫೋರ್ನಿಯಾ ರಾಜ್ಯದ ಆಲ್ಟಡೀನಾದಲ್ಲಿ ಜನಿಸಿದರು. ಲಾಸ್ ಏಂಜಲೀಸ್ ಪ್ರದೇಶದ ವ್ಯಾನ್ ನೈಸ್ ಪ್ರೌಢಶಾಲೆಯಲ್ಲಿ ಓದಿದರು. ಮುಂದೆ ಅಂತರಜಾಲದ ನಿರ್ಮಾಣದಲ್ಲಿ ಹೆಸರಾದ ವಿಂಟ್ ಸರ್ಫ್ ಮತ್ತು ಸ್ಟೀವ್ ಕ್ರಾಕರ್ ಕೂಡ ಅದೇ ಶಾಲೆಯ ವಿದ್ಯಾರ್ಥಿಗಳು. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ (ಯುಸಿಎಲ್‌ಎ) 1966ರಲ್ಲಿ ಪದವಿಯನ್ನೂ 1968ರಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದರು. 1974ರಲ್ಲಿ ಅಲ್ಲಿಂದಲೇ ಗಣಕ ವಿಜ್ಞಾನದಲ್ಲಿ ಡಾಕ್ಟರೇಟ್ ಪದವಿ ಗಳಿಸಿದರು. ಗಣಕಯಂತ್ರಗಳ ನಡುವಿನ ಸಂವಹನ ನಿಯಮಗಳನ್ನು ಗಣಿತದ ನಕ್ಷೆಗಳ ಮೂಲಕ ವಿಶ್ಲೇಷಿಸುವುದು ಅವರ ಮಹಾಪ್ರಬಂಧದ ವಿಷಯವಾಗಿತ್ತು.

ಆರ್ಪಾನೆಟ್ ಮತ್ತು ಮೊದಲ ಲಾಗಿನ್

ಯುಸಿಎಲ್‌ಎಯಲ್ಲಿ ಲಿಯೊನಾರ್ಡ್ ಕ್ಲೈನ್‌ರಾಕ್ ಅವರ ನೇತೃತ್ವದಲ್ಲಿದ್ದ ಜಾಲ ಮಾಪನ ಕೇಂದ್ರದಲ್ಲಿ ಪೋಸ್ಟೆಲ್ ಸಂಶೋಧನಾ ವಿದ್ಯಾರ್ಥಿಯಾಗಿದ್ದರು. ಅಮೇರಿಕದ ರಕ್ಷಣಾ ಇಲಾಖೆಯ ನೆರವಿನಿಂದ ನಿರ್ಮಾಣವಾದ ಆರ್ಪಾನೆಟ್ ಜಾಲದ ಮೊದಲ ಕೇಂದ್ರ ಇದೇ ಆಗಿತ್ತು. 1969ರ ಅಕ್ಟೋಬರ್ 29ರಂದು ಇಲ್ಲಿಂದ ಸ್ಟ್ಯಾನ್‌ಫೋರ್ಡ್ ಸಂಶೋಧನಾ ಸಂಸ್ಥೆಯ ಗಣಕಯಂತ್ರಕ್ಕೆ ಮೊದಲ ಸಂದೇಶ ಹೋಯಿತು. ವಿದ್ಯಾರ್ಥಿ ಚಾರ್ಲಿ ಕ್ಲೈನ್ ಅವರು ಟೈಪು ಮಾಡಲು ಹೊರಟಿದ್ದ ಪದ ಲಾಗಿನ್. ಅದರ ಮೊದಲ ಎರಡು ಅಕ್ಷರಗಳು ತಲುಪಿದೊಡನೆ ಆಚೆಯ ವ್ಯವಸ್ಥೆ ಕುಸಿಯಿತು. ಸುಮಾರು ಒಂದು ಗಂಟೆಯ ನಂತರ ಸಂಪರ್ಕ ಪೂರ್ಣಗೊಂಡಿತು. ದೂರದ ಯಂತ್ರಕ್ಕೆ ಲಾಗಿನ್ ಆಗುವುದೇ ಈ ಜಾಲದ ಮೊದಲ ಉದ್ದೇಶಗಳಲ್ಲಿ ಒಂದಾಗಿತ್ತು ಎಂಬುದು ಇದರಿಂದ ತಿಳಿಯುತ್ತದೆ.

ಅದೇ ವರ್ಷದ ಏಪ್ರಿಲ್ 7ರಂದು ಸ್ಟೀವ್ ಕ್ರಾಕರ್ ಅವರು ಜಾಲದ ವಿನ್ಯಾಸವನ್ನು ಕುರಿತ ಮೊದಲ ಆರ್‌ಎಫ್‌ಸಿಯನ್ನು ಬರೆದಿದ್ದರು. ಆರ್‌ಎಫ್‌ಸಿ ಎಂದರೆ ಇತರರ ಅಭಿಪ್ರಾಯ ಕೋರಿ ಹಂಚುವ ಟಿಪ್ಪಣಿ. ಇವುಗಳಿಗೆ ಕ್ರಮಸಂಖ್ಯೆ ಕೊಟ್ಟು, ತಿದ್ದಿ, ಕಾಪಾಡುವ ಕೆಲಸ ಬೇಗನೆ ಪೋಸ್ಟೆಲ್ ಅವರ ಪಾಲಿಗೆ ಬಂತು. ಸಾಯುವವರೆಗೂ ಅವರು ಅದನ್ನು ಬಿಡಲಿಲ್ಲ.

ಯುಸಿಎಲ್‌ಎಯನ್ನು ಬಿಟ್ಟ ಬಳಿಕ ಅವರು ಮೈಟರ್ ಸಂಸ್ಥೆಯಲ್ಲಿಯೂ ನಂತರ ಸ್ಟ್ಯಾನ್‌ಫೋರ್ಡ್ ಸಂಶೋಧನಾ ಸಂಸ್ಥೆಯಲ್ಲಿಯೂ ಕೆಲಸ ಮಾಡಿದರು. 1977ರ ಮಾರ್ಚ್‌ನಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾಹಿತಿ ವಿಜ್ಞಾನ ಸಂಸ್ಥೆಯನ್ನು (ಐಎಸ್‌ಐ) ಸೇರಿ, ಜೀವನದ ಕೊನೆಯವರೆಗೂ ಅಲ್ಲಿಯೇ ಉಳಿದರು.

ಪ್ರೊಟೊಕಾಲ್‌ಗಳ ರಚನೆ

ಒಂದು ಗಣಕಯಂತ್ರದ ಮುಂದೆ ಕುಳಿತು ಇನ್ನೊಂದನ್ನು ಬಳಸಲು ನೆರವಾಗುವ ಟೆಲ್ನೆಟ್ ನಿಯಮಗಳನ್ನು ಕುರಿತು ಪೋಸ್ಟೆಲ್ 1972ರಲ್ಲಿಯೇ ಬರೆದಿದ್ದರು. ಜಾಯ್ಸ್ ರೆನಾಲ್ಡ್ಸ್ ಅವರೊಡನೆ ಸೇರಿ 1983ರ ಮೇ ತಿಂಗಳಲ್ಲಿ ಪ್ರಕಟಿಸಿದ ಆರ್‌ಎಫ್‌ಸಿ 854 ಟೆಲ್ನೆಟ್‌ನ ಅಧಿಕೃತ ವಿವರಣೆಯಾಯಿತು. ಕಡತಗಳನ್ನು ಸಾಗಿಸುವ ಎಫ್‌ಟಿಪಿಯ 1985ರ ಆವೃತ್ತಿಯೂ (ಆರ್‌ಎಫ್‌ಸಿ 959) ಇವರಿಬ್ಬರದೇ. ಬಳಕೆದಾರನು ಮೊದಲು ತನ್ನ ಹೆಸರನ್ನೂ ಆಮೇಲೆ ಗುಪ್ತಪದವನ್ನೂ ಕಳುಹಿಸುವುದಕ್ಕೆ ಎಫ್‌ಟಿಪಿಯಲ್ಲಿ ಪ್ರತ್ಯೇಕ ಆದೇಶಗಳಿವೆ. ಮಿಂಚಂಚೆಯನ್ನು ರವಾನಿಸುವ ಎಸ್‌ಎಮ್‌ಟಿಪಿಯ ವಿವರಣೆಯನ್ನು (ಆರ್‌ಎಫ್‌ಸಿ 821) ಪೋಸ್ಟೆಲ್ 1982ರಲ್ಲಿ ಪ್ರಕಟಿಸಿದರು.

ವಿಂಟ್ ಸರ್ಫ್ ಮತ್ತು ರಾಬರ್ಟ್ ಕಾನ್ ಅವರು ರೂಪಿಸಿದ ಟಿಸಿಪಿಯು ಮೊದಲಲ್ಲಿ ಎಲ್ಲ ಕೆಲಸಗಳನ್ನೂ ಒಂದೇ ಪ್ರೊಟೊಕಾಲ್‌ನೊಳಗೆ ತುಂಬಿಕೊಂಡಿತ್ತು. 1977ರ ಆಗಸ್ಟ್‌ನಲ್ಲಿ ಬರೆದ ಟಿಪ್ಪಣಿಯೊಂದರಲ್ಲಿ ಪೋಸ್ಟೆಲ್ ಇದನ್ನು ವಿರೋಧಿಸಿದರು. ಪ್ಯಾಕೆಟ್‌ಗಳನ್ನು ಜಾಲದಿಂದ ಜಾಲಕ್ಕೆ ದಾಟಿಸುವುದು ಒಂದು ಕೆಲಸ, ಕಳುಹಿಸಿದ ದತ್ತಾಂಶ ಸರಿಯಾಗಿ ತಲುಪಿತೇ ಎಂದು ನೋಡಿಕೊಳ್ಳುವುದು ಇನ್ನೊಂದು ಕೆಲಸ. ಇವೆರಡನ್ನೂ ಬೇರ್ಪಡಿಸಬೇಕು ಎಂಬುದು ಅವರ ವಾದ. 1978ರಲ್ಲಿ ಟಿಸಿಪಿ ಮತ್ತು ಐಪಿ ಎರಡು ಪದರಗಳಾದವು. 1981ರ ಸೆಪ್ಟೆಂಬರ್‌ನಲ್ಲಿ ಪೋಸ್ಟೆಲ್ ಅವರ ಸಂಪಾದಕತ್ವದಲ್ಲಿ ಐಪಿ (ಆರ್‌ಎಫ್‌ಸಿ 791), ಐಸಿಎಮ್‌ಪಿ (ಆರ್‌ಎಫ್‌ಸಿ 792) ಹಾಗೂ ಟಿಸಿಪಿ (ಆರ್‌ಎಫ್‌ಸಿ 793) ವಿವರಣೆಗಳು ಪ್ರಕಟವಾದವು. ಇದರಲ್ಲಿನ ಐಪಿಯನ್ನೇ ಇಂದು ಐಪಿವಿ4 ಎಂದು ಕರೆಯುತ್ತಾರೆ. ಅದರ ವಿಳಾಸದ ಉದ್ದ 32 ಬಿಟ್‌ಗಳು. ಅಂದರೆ ಒಟ್ಟು ಸುಮಾರು 430 ಕೋಟಿ ವಿಳಾಸಗಳು ಮಾತ್ರ ಸಾಧ್ಯ.

ಕಳುಹಿಸುವಾಗ ನಿಯಮಕ್ಕೆ ಕಟ್ಟುನಿಟ್ಟಾಗಿ ಬದ್ಧರಾಗಿರಬೇಕು, ಸ್ವೀಕರಿಸುವಾಗ ಉದಾರವಾಗಿರಬೇಕು ಎಂಬ ಸೂತ್ರವನ್ನು ಪೋಸ್ಟೆಲ್ ಈ ವಿವರಣೆಗಳಲ್ಲಿ ಸೇರಿಸಿದ್ದರು. ಇದು ಪೋಸ್ಟೆಲ್ ನಿಯಮ ಎಂದು ಪ್ರಸಿದ್ಧವಾಗಿದೆ. ಬೇರೆ ಬೇರೆ ತಯಾರಕರ ಯಂತ್ರಗಳು ಪರಸ್ಪರ ವ್ಯವಹರಿಸಲು ಇದರಿಂದ ಅನುಕೂಲವಾಯಿತು. ತಪ್ಪು ದತ್ತಾಂಶವನ್ನು ಸಹಿಸಿಕೊಳ್ಳುವುದರಿಂದ ಭದ್ರತೆಗೆ ಧಕ್ಕೆಯಾಗುತ್ತದೆ ಎಂಬ ಟೀಕೆಯೂ ನಂತರದ ವರ್ಷಗಳಲ್ಲಿ ಕೇಳಿಬಂದಿದೆ.

ಎನ್‌ಸಿಪಿಯಿಂದ ಟಿಸಿಪಿಗೆ ಬದಲಾವಣೆ

1970ರ ದಶಕದುದ್ದಕ್ಕೂ ಆರ್ಪಾನೆಟ್ ಎನ್‌ಸಿಪಿಯ ಮೇಲೆ ನಡೆಯುತ್ತಿತ್ತು. ಅದು ಒಂದೇ ಜಾಲದೊಳಗಿನ ಯಂತ್ರಗಳಿಗಾಗಿ ರೂಪುಗೊಂಡದ್ದು. ರೇಡಿಯೊ ಮತ್ತು ಉಪಗ್ರಹದ ಜಾಲಗಳನ್ನು ಆರ್ಪಾನೆಟ್‌ಗೆ ಜೋಡಿಸಲು ಟಿಸಿಪಿ/ಐಪಿ ಅಗತ್ಯವಾಗಿತ್ತು. ಆದರೆ ಈ ಎರಡೂ ಪ್ರೊಟೊಕಾಲ್‌ಗಳು ಒಂದರ ಮಾತು ಇನ್ನೊಂದಕ್ಕೆ ತಿಳಿಯದ ಭಾಷೆಗಳಿದ್ದಂತೆ. ಎನ್‌ಸಿಪಿ ಮಾತ್ರ ಬಲ್ಲ ಯಂತ್ರದ ಬಳಕೆದಾರನು ಟಿಸಿಪಿ ಮಾತ್ರ ಬಲ್ಲ ಯಂತ್ರಕ್ಕೆ ನೇರವಾಗಿ ಲಾಗಿನ್ ಆಗುವಂತಿರಲಿಲ್ಲ. ಅಲ್ಲಿ ಆತನಿಗೆ ಖಾತೆಯೂ ಗುಪ್ತಪದವೂ ಇದ್ದರೂ ಪ್ರಯೋಜನವಿರಲಿಲ್ಲ. ಎಲ್ಲ ಯಂತ್ರಗಳನ್ನೂ ಒಂದೇ ರಾತ್ರಿಯಲ್ಲಿ ಬದಲಾಯಿಸುವುದೂ ಸಾಧ್ಯವಿರಲಿಲ್ಲ. ಪ್ರತಿಯೊಂದು ಬಗೆಯ ಯಂತ್ರಕ್ಕೂ ಅದರ ಕಾರ್ಯಾಚರಣೆ ವ್ಯವಸ್ಥೆಗೆ ಹೊಂದುವ ಹೊಸ ತಂತ್ರಾಂಶ ಬರೆಯಬೇಕಾಗಿತ್ತು.

1981ರ ನವೆಂಬರ್‌ನಲ್ಲಿ ಪೋಸ್ಟೆಲ್ ಬರೆದ ಆರ್‌ಎಫ್‌ಸಿ 801 ಈ ಸಮಸ್ಯೆಗೆ ಒಂದು ವರ್ಷದ ಕಾಲಪಟ್ಟಿಯನ್ನು ನೀಡಿತು. 1982ರ ಆರಂಭದಿಂದ ಯಂತ್ರಗಳು ಒಂದೊಂದಾಗಿ ಟಿಸಿಪಿಯನ್ನು ಅಳವಡಿಸಿಕೊಳ್ಳಬೇಕು. ವರ್ಷದ ಕೊನೆಗೆ ಎನ್‌ಸಿಪಿಯ ಬಳಕೆ ಪೂರ್ತಿಯಾಗಿ ನಿಲ್ಲಬೇಕು. ನಡುವಿನ ಅವಧಿಯಲ್ಲಿ ಎರಡೂ ಪ್ರೊಟೊಕಾಲ್‌ಗಳನ್ನು ಬಲ್ಲ ಕೆಲವು ಯಂತ್ರಗಳು ಮಧ್ಯವರ್ತಿಗಳಾಗಿ ಕೆಲಸ ಮಾಡಬೇಕು. ಬಳಕೆದಾರನು ಹಳೆಯ ಪ್ರೊಟೊಕಾಲ್ ಮೂಲಕ ಮಧ್ಯವರ್ತಿ ಯಂತ್ರವನ್ನು ತಲುಪಿ, ಅಲ್ಲಿಂದ ಹೊಸ ಪ್ರೊಟೊಕಾಲ್ ಮೂಲಕ ತನಗೆ ಬೇಕಾದ ಯಂತ್ರಕ್ಕೆ ಹೋಗಬೇಕು. ಮಿಂಚಂಚೆಗೂ ಕಡತಗಳ ರವಾನೆಗೂ ಇದೇ ಬಗೆಯ ಏರ್ಪಾಟು ಯೋಜನೆಯಲ್ಲಿತ್ತು. ಬಳಕೆದಾರರಿಗೆ ಇದು ಒಂದರ ಬದಲು ಎರಡು ಹೆಜ್ಜೆಗಳ ದಾರಿಯಾದರೂ ಯಾರೂ ಜಾಲದಿಂದ ಹೊರಗುಳಿಯುವ ಪ್ರಸಂಗ ಬರುತ್ತಿರಲಿಲ್ಲ.

ಹಲವು ಕೇಂದ್ರಗಳು ಬದಲಾವಣೆಗೆ ಆಸಕ್ತಿ ತೋರಲಿಲ್ಲ. ಹಳೆಯದು ಚೆನ್ನಾಗಿಯೇ ನಡೆಯುತ್ತಿರುವಾಗ ಹೊಸದಕ್ಕೆ ಸಮಯ ಮತ್ತು ಹಣ ವ್ಯಯಿಸುವುದೇಕೆ ಎಂಬ ಭಾವನೆ ಇತ್ತು. 1982ರ ಮಧ್ಯಭಾಗದಲ್ಲಿ ಸರ್ಫ್ ಮತ್ತು ಪೋಸ್ಟೆಲ್ ಇಡೀ ಜಾಲದಲ್ಲಿ ಎನ್‌ಸಿಪಿಯನ್ನು ಒಂದು ದಿನ ಸ್ಥಗಿತಗೊಳಿಸಿದರು. ಟಿಸಿಪಿ ಇಲ್ಲದ ಯಂತ್ರಗಳ ಬಳಕೆದಾರರಿಗೆ ಆ ದಿನ ಜಾಲ ದೊರೆಯಲಿಲ್ಲ. ಕೆಲವು ತಿಂಗಳ ನಂತರ ಎರಡು ದಿನಗಳ ಕಾಲ ಮತ್ತೆ ಹೀಗೆಯೇ ಮಾಡಲಾಯಿತು. ನಿಗದಿತ ದಿನ ಮುಂದಕ್ಕೆ ಹೋಗುವುದಿಲ್ಲ ಎಂಬುದು ಇದರಿಂದ ಎಲ್ಲರಿಗೂ ಸ್ಪಷ್ಟವಾಯಿತು. ಯಾವ ಯಂತ್ರ ಸಿದ್ಧವಾಗಿದೆ, ಯಾವುದು ಆಗಿಲ್ಲ ಎಂಬುದನ್ನು ತಿಳಿಯಲು ಡೇವಿಡ್ ಸ್ಮಾಲ್‌ಬರ್ಗ್ ಅವರು 1982ರ ಡಿಸೆಂಬರ್‌ನಿಂದ ಪ್ರತಿ ಯಂತ್ರದ ಟೆಲ್ನೆಟ್, ಎಫ್‌ಟಿಪಿ ಮತ್ತು ಎಸ್‌ಎಮ್‌ಟಿಪಿ ಸೇವೆಗಳನ್ನು ಟಿಸಿಪಿ ಮೂಲಕ ಪರೀಕ್ಷಿಸಿದರು. ಫಲಿತಾಂಶದ ಪಟ್ಟಿಗಳು ಆರ್‌ಎಫ್‌ಸಿ 832ರಿಂದ ಮೊದಲ್ಗೊಂಡು ಸಾಲಾಗಿ ಪ್ರಕಟವಾದವು.

1983ರ ಜನವರಿ 1ರಂದು ಬದಲಾವಣೆ ಜಾರಿಗೆ ಬಂತು. ಕೆಲವು ಕೇಂದ್ರಗಳು ಸರಿಹೋಗಲು ಇನ್ನೂ ಕೆಲವು ತಿಂಗಳು ಹಿಡಿದವು. ಈ ದಿನವನ್ನು ಅಂತರಜಾಲದ ಜನ್ಮದಿನವೆಂದು ಹಲವರು ಪರಿಗಣಿಸುತ್ತಾರೆ.

ಲಾಗಿನ್ ಮತ್ತು ಭದ್ರತೆ

ಆರಂಭದ ಆರ್ಪಾನೆಟ್ ಪರಸ್ಪರ ಪರಿಚಯವಿದ್ದ ಸಂಶೋಧಕರ ಸಣ್ಣ ಸಮುದಾಯವಾಗಿತ್ತು. ಟೆಲ್ನೆಟ್ ಮತ್ತು ಎಫ್‌ಟಿಪಿಗಳಲ್ಲಿ ಬಳಕೆದಾರನ ಗುಪ್ತಪದವು ಯಾವ ಗೂಢಲಿಪೀಕರಣವೂ ಇಲ್ಲದೆ ಇದ್ದಂತೆಯೇ ಜಾಲದಲ್ಲಿ ಸಾಗುತ್ತಿತ್ತು. ದೂರವಾಣಿಯ ಮೂಲಕ ಜಾಲವನ್ನು ಸೇರಲು ಇದ್ದ ಟಿಐಪಿ ಎಂಬ ಯಂತ್ರಗಳು ಬಳಕೆದಾರನು ಯಾರೆಂದು ಕೇಳುತ್ತಲೇ ಇರಲಿಲ್ಲ. ಅವುಗಳ ದೂರವಾಣಿ ಸಂಖ್ಯೆ ತಿಳಿದವರೆಲ್ಲ ಜಾಲದ ಬಾಗಿಲವರೆಗೂ ಬರಬಹುದಿತ್ತು. ಗುರುತಿನ ಪರೀಕ್ಷೆ ನಡೆಯುತ್ತಿದ್ದದ್ದು ಆಚೆಯ ತುದಿಯ ಗಣಕಯಂತ್ರದಲ್ಲಿ ಮಾತ್ರ.

ಟಿಸಿಪಿ/ಐಪಿ ಬಂದ ನಂತರ ಟಿಐಪಿಗಳ ಸ್ಥಾನವನ್ನು ಟಿಎಸಿ ಎಂಬ ಹೊಸ ಯಂತ್ರಗಳು ಪಡೆದವು. ಅವುಗಳಿಗಾಗಿ ಬಿಬಿಎನ್ ಸಂಸ್ಥೆಯು ಟಕಾಕ್ಸ್ ಎಂಬ ಪ್ರವೇಶ ನಿಯಂತ್ರಣ ವ್ಯವಸ್ಥೆಯನ್ನು ರೂಪಿಸಿತು. ಈಗ ಬಳಕೆದಾರನು ಜಾಲವನ್ನು ಪ್ರವೇಶಿಸುವಾಗ ಒಮ್ಮೆ, ಬೇಕಾದ ಯಂತ್ರವನ್ನು ಸೇರುವಾಗ ಇನ್ನೊಮ್ಮೆ, ಹೀಗೆ ಎರಡು ಬಾರಿ ಲಾಗಿನ್ ಆಗಬೇಕಾಯಿತು. ಮೊದಲ ಪರೀಕ್ಷೆಯ ಫಲಿತಾಂಶವನ್ನು ಎರಡನೆಯ ಯಂತ್ರಕ್ಕೆ ತಿಳಿಸಿ ಈ ಪುನರಾವರ್ತನೆಯನ್ನು ತಪ್ಪಿಸುವ ಟೆಲ್ನೆಟ್ ಆಯ್ಕೆಯೊಂದು 1984ರ ಡಿಸೆಂಬರ್‌ನಲ್ಲಿ ಆರ್‌ಎಫ್‌ಸಿ 927 ಆಗಿ ಪ್ರಕಟವಾಯಿತು. ಪ್ರವೇಶ ನಿಯಂತ್ರಣಕ್ಕೆ ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ರೇಡಿಯಸ್ ಪ್ರೊಟೊಕಾಲ್ 1997ರಲ್ಲಿ ಆರ್‌ಎಫ್‌ಸಿಯಾಗಿ ಹೊರಬಂದಾಗಲೂ ಸಂಪಾದಕರು ಪೋಸ್ಟೆಲ್ ಅವರೇ ಆಗಿದ್ದರು.

ಗುಪ್ತಪದಗಳನ್ನು ದಾರಿಯಲ್ಲಿ ಕದಿಯುವ ಪ್ರಕರಣಗಳು 1990ರ ದಶಕದಲ್ಲಿ ಹೆಚ್ಚಿದವು. ಫಿನ್ಲೆಂಡಿನ ತಾತು ಯ್ಲೊನೆನ್ ಅವರು ಟೆಲ್ನೆಟ್‌ಗೆ ಬದಲಾಗಿ, ಎಲ್ಲ ದತ್ತಾಂಶವನ್ನೂ ಗೂಢಲಿಪಿಯಲ್ಲಿ ಸಾಗಿಸುವ ಎಸ್‌ಎಸ್‌ಎಚ್ ಎಂಬ ವಿಧಾನವನ್ನು 1995ರಲ್ಲಿ ರಚಿಸಿದರು. ಅದಕ್ಕೊಂದು ಪೋರ್ಟ್ ಸಂಖ್ಯೆ ಬೇಕೆಂದು ಅವರು ಐಎಎನ್‌ಎಗೆ ಮಿಂಚಂಚೆ ಕಳುಹಿಸಿದರು. ಜಾಯ್ಸ್ ರೆನಾಲ್ಡ್ಸ್ ಅವರು ಎಫ್‌ಟಿಪಿಯ 21 ಮತ್ತು ಟೆಲ್ನೆಟ್‌ನ 23ರ ನಡುವೆ ಖಾಲಿ ಇದ್ದ 22ನ್ನು ಮಂಜೂರು ಮಾಡಿದರು. ಇಂದಿಗೂ ಎಸ್‌ಎಸ್‌ಎಚ್ ಲಾಗಿನ್‌ನ ನಿಗದಿತ ಪೋರ್ಟ್ 22 ಆಗಿದೆ.

ಸಂಖ್ಯೆಗಳ ಹಂಚಿಕೆ ಮತ್ತು ಡೊಮೈನ್ ಹೆಸರುಗಳು

ಒಂದೇ ಸಂಖ್ಯೆಯನ್ನು ಇಬ್ಬರು ಬೇರೆ ಬೇರೆ ಕೆಲಸಕ್ಕೆ ಬಳಸಿದರೆ ಜಾಲದಲ್ಲಿ ಗೊಂದಲ ಉಂಟಾಗುತ್ತದೆ. ಸಂಖ್ಯೆಗಳನ್ನು ಕೊಡುವ ಹೊಣೆ ಒಬ್ಬರಲ್ಲಿರಬೇಕೆಂದು ಪೋಸ್ಟೆಲ್ 1972ರ ಮೇ ತಿಂಗಳ ಆರ್‌ಎಫ್‌ಸಿ 349ರಲ್ಲಿ ಸೂಚಿಸಿದರು. ಆ ಹೊಣೆ ಅವರಿಗೇ ಬಂತು. ಮುಂದೆ ಈ ಕೆಲಸಕ್ಕೆ ಐಎಎನ್‌ಎ ಎಂಬ ಹೆಸರು ಬಂದರೂ, ಅದನ್ನು ನಡೆಸುತ್ತಿದ್ದವರು ಐಎಸ್‌ಐ ಕಚೇರಿಯಲ್ಲಿದ್ದ ಪೋಸ್ಟೆಲ್, ರೆನಾಲ್ಡ್ಸ್ ಮತ್ತು ಬೆರಳೆಣಿಕೆಯ ಸಹೋದ್ಯೋಗಿಗಳು.

ಯಂತ್ರಗಳ ಹೆಸರುಗಳನ್ನೆಲ್ಲ ಒಂದೇ ಕಡತದಲ್ಲಿ ಇಡುವ ಪದ್ಧತಿ ಜಾಲ ಬೆಳೆದಂತೆ ಅಸಾಧ್ಯವಾಯಿತು. ಪೋಸ್ಟೆಲ್ ಅವರ ಸೂಚನೆಯಂತೆ ಐಎಸ್‌ಐನ ಪಾಲ್ ಮೊಕಪೆಟ್ರಿಸ್ ಅವರು ಡೊಮೈನ್ ಹೆಸರಿನ ವ್ಯವಸ್ಥೆಯನ್ನು (ಡಿಎನ್‌ಎಸ್) ರೂಪಿಸಿ 1983ರಲ್ಲಿ ಪ್ರಕಟಿಸಿದರು. ಕಾಮ್, ಆರ್ಗ್ ಮುಂತಾದ ಮೇಲ್ಮಟ್ಟದ ಡೊಮೈನ್‌ಗಳನ್ನೂ ದೇಶಗಳ ಎರಡಕ್ಷರದ ಸಂಕೇತಗಳನ್ನೂ 1984ರ ಅಕ್ಟೋಬರ್‌ನ ಆರ್‌ಎಫ್‌ಸಿ 920 ನಿಗದಿಪಡಿಸಿತು. ಯಾವುದು ದೇಶ, ಯಾವುದು ಅಲ್ಲ ಎಂದು ನಿರ್ಧರಿಸುವುದು ತಮ್ಮ ಕೆಲಸವಲ್ಲ ಎಂದು ಭಾವಿಸಿದ ಪೋಸ್ಟೆಲ್, ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಪಟ್ಟಿಯನ್ನೇ ಆಧಾರವಾಗಿಟ್ಟುಕೊಂಡರು. ದೇಶದ ಡೊಮೈನ್ ಅನ್ನು ನಿರ್ವಹಿಸುವವರು ಅದರ ಒಡೆಯರಲ್ಲ, ಸಮುದಾಯದ ಪರವಾಗಿ ಹೊಣೆ ಹೊತ್ತವರು ಎಂಬ ನಿಲುವನ್ನು ಅವರು 1994ರ ಆರ್‌ಎಫ್‌ಸಿ 1591ರಲ್ಲಿ ವಿವರಿಸಿದ್ದಾರೆ.

ಭಾರತದೊಂದಿಗಿನ ಸಂಬಂಧ

ಭಾರತದಲ್ಲಿ ಅಂತರಜಾಲಕ್ಕೆ ಅಡಿಪಾಯ ಹಾಕಿದ್ದು 1986ರಲ್ಲಿ ಆರಂಭವಾದ ಎರ್ನೆಟ್ ಯೋಜನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐದು ಐಐಟಿಗಳು, ಮುಂಬಯಿಯ ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರ ಹಾಗೂ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ ಇದರ ಎಂಟು ಪಾಲುದಾರರು. ಭಾರತದ ಸಂಕೇತವಾದ ಇನ್ ಡೊಮೈನ್ 1989ರ ಮೇ 8ರಂದು ನೋಂದಣಿಯಾಯಿತು. ಪೋಸ್ಟೆಲ್ ಅನುಸರಿಸಿದ ಪದ್ಧತಿಯಂತೆ ಅದರ ನಿರ್ವಹಣೆ ದೇಶದೊಳಗಿನ ಸಂಸ್ಥೆಯ ಕೈಯಲ್ಲಿಯೇ ಉಳಿಯಿತು. ಇಂದು ಭಾರತೀಯ ಭಾಷೆಗಳ ಲಿಪಿಗಳಲ್ಲಿಯೂ ದೇಶದ ಡೊಮೈನ್‌ಗಳಿದ್ದು, ಕನ್ನಡ ಲಿಪಿಯ ಭಾರತ ಎಂಬ ಡೊಮೈನ್ ಅವುಗಳಲ್ಲಿ ಒಂದು.

1998ರ ವಿವಾದ

ಪೋಸ್ಟೆಲ್ ಅವರ ಅಧಿಕಾರಕ್ಕೆ ಯಾವ ಶಾಸನದ ಬಲವೂ ಇರಲಿಲ್ಲ. ಸರ್ಕಾರದ ಗುತ್ತಿಗೆಯ ಮೇಲೆ ಐಎಸ್‌ಐಗೆ ಹಣ ಬರುತ್ತಿತ್ತು ನಿಜ. ಆದರೆ ಜಾಲದ ತಂತ್ರಜ್ಞರು ಅವರ ತೀರ್ಮಾನಗಳನ್ನು ಒಪ್ಪುತ್ತಿದ್ದದ್ದು ವಿಶ್ವಾಸದಿಂದ. 1995ರಿಂದ ನೆಟ್‌ವರ್ಕ್ ಸಲ್ಯೂಷನ್ಸ್ ಸಂಸ್ಥೆಯು ಡೊಮೈನ್ ಹೆಸರುಗಳಿಗೆ ಶುಲ್ಕ ವಿಧಿಸತೊಡಗಿದ ಮೇಲೆ ಹೆಸರುಗಳು ವ್ಯಾಪಾರದ ವಸ್ತುಗಳಾದವು. ಜಾಲದ ಮೂಲ ಪಟ್ಟಿಯ ಮೇಲೆ ಹಿಡಿತ ಯಾರದು ಎಂಬ ಪ್ರಶ್ನೆ ತೀವ್ರವಾಯಿತು.

1998ರ ಜನವರಿ 28ರಂದು ಪೋಸ್ಟೆಲ್ ಅವರು 12 ಉಪಮೂಲ ಸರ್ವರ್‌ಗಳ ಪೈಕಿ ಎಂಟರ ನಿರ್ವಾಹಕರಿಗೆ ಮಿಂಚಂಚೆ ಕಳುಹಿಸಿದರು. ಮೂಲ ಪಟ್ಟಿಯನ್ನು ನೆಟ್‌ವರ್ಕ್ ಸಲ್ಯೂಷನ್ಸ್‌ನ ಸರ್ವರ್‌ಗೆ ಬದಲಾಗಿ ಐಎಎನ್‌ಎಯ ಸರ್ವರ್‌ನಿಂದ ಪಡೆಯುವಂತೆ ಕೋರಿದರು. ನಿರ್ವಾಹಕರು ಒಪ್ಪಿ ಹಾಗೆಯೇ ಮಾಡಿದರು. ಪಟ್ಟಿಯಲ್ಲಿ ಯಾವ ವ್ಯತ್ಯಾಸವೂ ಇರಲಿಲ್ಲವಾದ್ದರಿಂದ ಬಳಕೆದಾರರಿಗೆ ತೊಂದರೆಯಾಗಲಿಲ್ಲ. ಅಮೇರಿಕ ಸರ್ಕಾರವು ಇದನ್ನು ಗಂಭೀರವಾಗಿ ಪರಿಗಣಿಸಿತು. ಅಧ್ಯಕ್ಷರ ಸಲಹೆಗಾರ ಐರಾ ಮ್ಯಾಗಜೀನರ್ ಅವರ ಒತ್ತಡದ ಮೇರೆಗೆ ಸುಮಾರು ಒಂದು ವಾರದೊಳಗೆ ಹಿಂದಿನ ಏರ್ಪಾಟನ್ನೇ ಮರಳಿ ತರಲಾಯಿತು. ಇದು ಮುಂದಿನ ವ್ಯವಸ್ಥೆಗಾಗಿ ನಡೆಸಿದ ಪರೀಕ್ಷೆ ಎಂದು ಪೋಸ್ಟೆಲ್ ವಿವರಿಸಿದರು. ಸರ್ಕಾರದ ನಿಯಂತ್ರಣಕ್ಕೆ ಒಡ್ಡಿದ ಸವಾಲು ಎಂದು ಕೆಲವು ಇತಿಹಾಸಕಾರರು ಭಾವಿಸುತ್ತಾರೆ.

ಐಎಎನ್‌ಎಯ ಕೆಲಸವನ್ನು ವ್ಯಕ್ತಿಯ ಕೈಯಿಂದ ಸಂಸ್ಥೆಗೆ ವರ್ಗಾಯಿಸುವ ಮಾತುಕತೆಗಳಲ್ಲಿ ಪೋಸ್ಟೆಲ್ ಅವರೂ ತೊಡಗಿದ್ದರು. ಅದರ ಫಲವಾಗಿ 1998ರ ಸೆಪ್ಟೆಂಬರ್ 30ರಂದು ಐಕಾನ್ ಎಂಬ ಲಾಭರಹಿತ ಸಂಸ್ಥೆ ನೋಂದಣಿಯಾಯಿತು.

ವ್ಯಕ್ತಿತ್ವ ಮತ್ತು ನಿಧನ

ಉದ್ದನೆಯ ಗಡ್ಡ, ಸಾದಾ ಉಡುಪು ಮತ್ತು ಕಾಲಿಗೆ ಚಪ್ಪಲಿ ಪೋಸ್ಟೆಲ್ ಅವರ ಗುರುತಾಗಿದ್ದವು. ಸಿಯೆರಾ ನೆವಾಡ ಪರ್ವತಗಳಲ್ಲಿ ಚಾರಣ ಮಾಡುವುದು ಅವರಿಗೆ ಪ್ರಿಯವಾಗಿತ್ತು. ಪ್ರಚಾರದಿಂದ ದೂರವಿರುತ್ತಿದ್ದರು. ಹೃದಯದ ಕವಾಟದ ಶಸ್ತ್ರಚಿಕಿತ್ಸೆಯ ನಂತರದ ತೊಡಕುಗಳಿಂದ 1998ರ ಅಕ್ಟೋಬರ್ 16ರಂದು ಲಾಸ್ ಏಂಜಲೀಸಿನಲ್ಲಿ ನಿಧನರಾದರು. ಆಗ ಅವರ ವಯಸ್ಸು 55. ಐಕಾನ್ ಸ್ಥಾಪನೆಯಾಗಿ ಮೂರು ವಾರವೂ ಕಳೆದಿರಲಿಲ್ಲ. ವಿಂಟ್ ಸರ್ಫ್ ಬರೆದ ಶ್ರದ್ಧಾಂಜಲಿಯು ಆರ್‌ಎಫ್‌ಸಿ 2468 ಆಗಿ, ಪೋಸ್ಟೆಲ್ ಅವರೇ ಬೆಳೆಸಿದ ದಾಖಲೆಗಳ ಸಾಲಿನಲ್ಲಿ ಸೇರಿತು.

ಪ್ರಶಸ್ತಿ ಮತ್ತು ಗೌರವಗಳು

ಪೋಸ್ಟೆಲ್ ಅವರು ಇಂಟರ್ನೆಟ್ ಸೊಸೈಟಿಯ ಮೊದಲ ವೈಯಕ್ತಿಕ ಸದಸ್ಯರು. 1997ರಲ್ಲಿ ಎಸಿಎಮ್ ಸಂಸ್ಥೆಯ ಸಿಗ್‌ಕಾಮ್ ಪ್ರಶಸ್ತಿಯೂ 1998ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಬೆಳ್ಳಿ ಪದಕವೂ ಅವರಿಗೆ ದೊರೆತವು. ಇಂಟರ್ನೆಟ್ ಸೊಸೈಟಿಯು ಅವರ ಹೆಸರಿನಲ್ಲಿ 1999ರಿಂದ ಸೇವಾ ಪ್ರಶಸ್ತಿ ನೀಡುತ್ತಿದೆ. 2012ರಲ್ಲಿ ಅವರ ಹೆಸರನ್ನು ಇಂಟರ್ನೆಟ್ ಹಾಲ್ ಆಫ್ ಫೇಮ್‌ಗೆ ಸೇರಿಸಲಾಯಿತು.

ಪ್ರಭಾವ

ವಿಳಾಸಗಳ ಕೊರತೆಯನ್ನು ನೀಗಿಸಲು ರೂಪಿಸಿದ, 128 ಬಿಟ್‌ಗಳ ವಿಳಾಸವುಳ್ಳ ಐಪಿವಿ6ರ ಮೊದಲ ವಿವರಣೆ (ಆರ್‌ಎಫ್‌ಸಿ 1883) 1995ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಅದು ಐಪಿವಿ4ರೊಡನೆ ನೇರವಾಗಿ ವ್ಯವಹರಿಸಲಾರದು. ಹೀಗಾಗಿ 1982ರಲ್ಲಿದ್ದ ಪ್ರಶ್ನೆಯೇ ಮತ್ತೆ ಎದುರಾಯಿತು. 1996ರ ಆರ್‌ಎಫ್‌ಸಿ 1933 ಸೂಚಿಸಿದ ಮುಖ್ಯ ಪರಿಹಾರವೂ ಹಿಂದಿನದನ್ನು ಹೋಲುತ್ತದೆ: ಯಂತ್ರಗಳು ಎರಡೂ ಪ್ರೊಟೊಕಾಲ್‌ಗಳನ್ನು ಜೊತೆಯಾಗಿ ನಡೆಸಬೇಕು. ಬಳಕೆದಾರನು ಯಾವ ಪ್ರೊಟೊಕಾಲ್ ಮೂಲಕ ಬಂದರೂ ಲಾಗಿನ್ ಪರೀಕ್ಷೆ ಒಂದೇ ಆಗಿರುವಂತೆ ನೋಡಿಕೊಳ್ಳಲು 2001ರಲ್ಲಿ ರೇಡಿಯಸ್‌ಗೆ ಐಪಿವಿ6 ವಿಳಾಸಗಳ ಬೆಂಬಲವನ್ನು (ಆರ್‌ಎಫ್‌ಸಿ 3162) ಸೇರಿಸಲಾಯಿತು.

ಎರಡು ಬದಲಾವಣೆಗಳ ನಡುವೆ ಒಂದು ದೊಡ್ಡ ವ್ಯತ್ಯಾಸವಿದೆ. 1983ರಲ್ಲಿ ಕೆಲವು ನೂರು ಯಂತ್ರಗಳಿದ್ದವು, ಕೊನೆಯ ದಿನವೊಂದು ನಿಗದಿಯಾಗಿತ್ತು, ಹಳೆಯದನ್ನು ನಿಲ್ಲಿಸುವ ಅಧಿಕಾರವೂ ಇತ್ತು. ಐಪಿವಿ4ಕ್ಕೆ ಅಂಥ ಕೊನೆಯ ದಿನವಿಲ್ಲ. ಭಾರತದ ಮೊಬೈಲ್ ಜಾಲಗಳಲ್ಲಿ ಇಂದು ಐಪಿವಿ6 ವ್ಯಾಪಕವಾಗಿ ಬಳಕೆಯಲ್ಲಿದ್ದರೂ, ಐಪಿವಿ4 ಮಾತ್ರ ಬಲ್ಲ ಸರ್ವರ್‌ಗಳು ಇನ್ನೂ ಬಹಳಷ್ಟಿವೆ. ಬೆಂಗಳೂರಿನಲ್ಲಾಗಲಿ ಬಾಗಲಕೋಟೆ ಜಿಲ್ಲೆಯ ಗುಡೂರಿನಲ್ಲಾಗಲಿ ಐಪಿವಿ6 ಮೊಬೈಲ್ ಜಾಲದಿಂದ ಇಂಥ ಸರ್ವರ್‌ಗೆ ಲಾಗಿನ್ ಆಗುವವರ ಪ್ಯಾಕೆಟ್‌ಗಳನ್ನು ನಡುವಿನ ಅನುವಾದಕ ಯಂತ್ರಗಳು ಒಂದು ಪ್ರೊಟೊಕಾಲ್‌ನಿಂದ ಇನ್ನೊಂದಕ್ಕೆ ಬದಲಾಯಿಸುತ್ತವೆ. ಆರ್‌ಎಫ್‌ಸಿ 801ರ ಕಾಲದಲ್ಲಿ ಬಳಕೆದಾರನು ತಾನೇ ಇಡಬೇಕಾಗಿದ್ದ ಎರಡನೆಯ ಹೆಜ್ಜೆಯನ್ನು ಈಗ ಆತನ ಅರಿವಿಗೆ ಬಾರದಂತೆ ಜಾಲವೇ ಇಡುತ್ತಿದೆ.